ಪಿಸಿಓಡಿ ಪ್ಯಾಕೇಜ್ ಟೆಸ್ಟ್: ಸರ್ವೀಸ್ ಚೆನ್ನಾಗಿದೆ, ಪ್ಯಾಕೇಜ್ ಸಾಲದು

ಆನ್‌ಲೈನ್‌ನಲ್ಲಿ ಬುಕ್ ಮಾಡಿದರೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ‘ಪಿಸಿಓಡಿ ಪ್ರೊಫೈಲ್’ ಬಗ್ಗೆ ಈ ರಿವ್ಯೂ. ಪಿಸಿಓಡಿ ಅಂದರೆ ಹೆಂಗಸರಲ್ಲಿ ಹಾರ್ಮೋನ್ ಏರುಪೇರಾಗಿ ಅಂಡಾಶಯದ ಕೆಲಸ ಕೆಡುವ ತೊಂದರೆ, ಡಾಕ್ಟರುಗಳು ಪಿಸಿಓಎಸ್ ಅನ್ನುವುದೂ ಇದನ್ನೇ. ಲ್ಯಾಬ್ ಹೆಸರು ಬೇಡ. ಹೆಚ್ಚುಕಡಿಮೆ ಇದೇ ಪ್ಯಾಕೇಜ್ ಹತ್ತಾರು ಕಡೆ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಸರ್ವೀಸ್‌ಗೆ ಐದರಲ್ಲಿ ನಾಲ್ಕು ಸ್ಟಾರ್, ಪ್ಯಾಕೇಜ್‌ಗೆ ಎರಡು.

ನಾಲ್ಕು ಯಾಕೆ ಅಂದರೆ ಹುಡುಗ ಹೇಳಿದ ಟೈಮಿಗೆ ಬಂದ, ಒಂದೇ ಸಲಕ್ಕೆ ನರ ಸಿಕ್ಕಿತು, ರಿಪೋರ್ಟ್ ಬೇಗ ವಾಟ್ಸಾಪ್‌ಗೆ ಬಂತು. ಹೊಗಳಿಕೆ ಇಲ್ಲಿಗೆ ಮುಗಿಯಿತು.

ನನ್ನ ತೊಂದರೆ ಏನಂದರೆ ಗದ್ದದ ಮೇಲೆ ಒರಟು ಕೂದಲು, ದವಡೆ ಉದ್ದಕ್ಕೂ ಮೊಡವೆ, ನೆತ್ತಿ ತೆಳ್ಳಗಾಗುತ್ತಿರುವುದು, ಮುಟ್ಟು ಮನಸ್ಸು ಬಂದಾಗ ಬರುವುದು. ಎಲ್ಲ ಒಟ್ಟಿಗೆ ಇದ್ದರೆ ಆಂಡ್ರೋಜೆನ್ ಜಾಸ್ತಿ ಇದೆಯಾ ಅಂತ ಅನುಮಾನ ಬರಲೇಬೇಕು. ಇದನ್ನು ಗಂಡಸರ ಹಾರ್ಮೋನ್ ಅನ್ನುತ್ತಾರೆ, ಆದರೆ ಪ್ರತಿ ಹೆಂಗಸಿನ ಮೈಯಲ್ಲೂ ಸ್ವಲ್ಪ ಇರುತ್ತದೆ. ಅಂಡಾಶಯವೂ ತಯಾರಿಸುತ್ತದೆ, ಕಿಡ್ನಿ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯೂ ತಯಾರಿಸುತ್ತದೆ. ಹಾಗಾಗಿ ಟೆಸ್ಟ್ ಹೇಳಬೇಕಾದದ್ದು ಎರಡೇ: ಜಾಸ್ತಿ ಇದೆಯಾ, ಇದ್ದರೆ ಎಲ್ಲಿಂದ ಬರುತ್ತಿದೆ. ಈ ಪ್ಯಾಕೇಜ್ ಎರಡರಲ್ಲೂ ಅರ್ಧಕ್ಕೇ ನಿಲ್ಲುತ್ತದೆ.

ಮೊದಲನೆಯದು. ಆಂಡ್ರೋಜೆನ್‌ಗಳಲ್ಲಿ ಮುಖ್ಯವಾದ ಟೆಸ್ಟೋಸ್ಟೆರಾನ್‌ನ ಒಟ್ಟು ಲೆಕ್ಕ ಮಾತ್ರ ನೋಡಿ ‘ನಾರ್ಮಲ್’ ಅಂತ ಹಸಿರು ಗುರುತು ಹಾಕಿದ್ದಾರೆ. ಆದರೆ ರಕ್ತದಲ್ಲಿರುವ ಟೆಸ್ಟೋಸ್ಟೆರಾನ್‌ನಲ್ಲಿ ಬಹುಪಾಲು ಎಸ್‌ಎಚ್‌ಬಿಜಿ ಮತ್ತಿತರ ಪ್ರೊಟೀನ್‌ಗಳಿಗೆ ಅಂಟಿಕೊಂಡಿರುತ್ತದೆ, ಬಿಡಿಯಾಗಿ ಓಡಾಡುವ ಸ್ವಲ್ಪವೇ ಕೂದಲು ಮೊಡವೆಗಳ ಕೆಲಸ ನಡೆಸುವುದು. ಇನ್ಸುಲಿನ್ ಜಾಸ್ತಿ ಇರುವವರಲ್ಲಿ ಲಿವರ್ ಈ ಎಸ್‌ಎಚ್‌ಬಿಜಿಯನ್ನು ಕಡಿಮೆ ಮಾಡುತ್ತದೆ, ಆಗ ಒಟ್ಟು ಲೆಕ್ಕ ನಾರ್ಮಲ್ ಕಂಡರೂ ಬಿಡಿ ಹಾರ್ಮೋನ್ ಜಾಸ್ತಿ ಇರಬಹುದು. ಎಸ್‌ಎಚ್‌ಬಿಜಿ ಪ್ಯಾಕೇಜ್‌ನಲ್ಲೇ ಇಲ್ಲ! ಅದರ ಬದಲು ಅಂಡಾಶಯವನ್ನು ನಡೆಸುವ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನುವ ಎರಡು ಹಾರ್ಮೋನ್‌ಗಳ ಅನುಪಾತ ಕೆಂಪು ಅಕ್ಷರದಲ್ಲಿ ಕೊಟ್ಟು ಹೆದರಿಸಿದ್ದಾರೆ. ಪಿಸಿಓಎಸ್ ಗುರುತಿಸಲು ಈಗ ಬಳಸುವ ಮಾನದಂಡದಲ್ಲಿ ಆ ಅನುಪಾತಕ್ಕೆ ಜಾಗವೇ ಇಲ್ಲ.

ಎರಡನೆಯದು ಇನ್ನೂ ಬೇಜಾರು. ಕಾರಣ ಬಹಳ ಸಲ ಪಿಸಿಓಎಸ್ಸೇ ಆಗಿರುತ್ತದೆ, ನಿಜ. ಆದರೆ ಹುಟ್ಟಿನಿಂದಲೇ ಅಡ್ರಿನಲ್‌ನಲ್ಲಿ ಒಂದು ಕಿಣ್ವ ಕಡಿಮೆ ಇರುವವರಿಗೂ ಇದೇ ಕೂದಲು, ಇದೇ ಮೊಡವೆ, ಇದೇ ಮುಟ್ಟಿನ ಏರುಪೇರು. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೆ, ಆ ಕಿಣ್ವ ಕಡಿಮೆ ಇದ್ದಾಗ ರಕ್ತದಲ್ಲಿ ಏರುವ 17-ಓಎಚ್ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್‌ನ ಟೆಸ್ಟ್ ಬೇಕು, ಅದೂ ಮುಟ್ಟಾದ ಮೊದಲ ಕೆಲವು ದಿನಗಳಲ್ಲಿ, ಬೆಳಿಗ್ಗೆ. ಪ್ಯಾಕೇಜ್‌ನಲ್ಲಿ ಅದೂ ಇಲ್ಲ. ಮುಟ್ಟಾಗಿ ಎಷ್ಟು ದಿನ ಆಯಿತು, ಗರ್ಭನಿರೋಧಕ ಮಾತ್ರೆ ತಗೋತೀರಾ ಅಂತ ಬುಕ್ಕಿಂಗ್‌ನಲ್ಲಿ ಯಾರೂ ಕೇಳಲಿಲ್ಲ. ಆ ಮಾತ್ರೆ ಆಂಡ್ರೋಜೆನ್ ಕಡಿಮೆ ಮಾಡುತ್ತದೆ, ಎಸ್‌ಎಚ್‌ಬಿಜಿ ಏರಿಸುತ್ತದೆ, ನಿಲ್ಲಿಸಿ ಸುಮಾರು 3 ತಿಂಗಳಾಗದೆ ಬರುವ ರಿಪೋರ್ಟ್ ನಂಬುವ ಹಾಗಿಲ್ಲ. ಸುಮ್ನೆ ನಿಲ್ಲಿಸಬೇಡಿ ಮತ್ತೆ, ಡಾಕ್ಟರನ್ನು ಕೇಳಿ.

ರಿಪೋರ್ಟ್ ಹಿಡಿದು ಎಂಡೋಕ್ರೈನ್ (ಹಾರ್ಮೋನ್) ಡಾಕ್ಟರ್ ಹತ್ತಿರ ಹೋದೆ. ಮೇಡಂ ಅದನ್ನು ಪಕ್ಕಕ್ಕಿಟ್ಟು ಮೊದಲು ನನ್ನನ್ನೇ ನೋಡಿದರು. ಕುತ್ತಿಗೆ ಹಿಂದಿನ ಕಪ್ಪು, ಬಿಪಿ, ಇದೆಲ್ಲ ಯಾವಾಗ ಶುರುವಾಯಿತು, ಯಾವ ಯಾವ ಮಾತ್ರೆ ತಗೊಂಡಿದ್ದೀರಿ. ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್, ಜಿಮ್ ಸ್ಟೀರಾಯ್ಡ್ ಇವುಗಳಿಂದಲೂ ಆಗಬಹುದಂತೆ. ಮೈಮೇಲಿನ 9 ಜಾಗಗಳಲ್ಲಿ ಕೂದಲಿಗೆ 0ಯಿಂದ 4ರವರೆಗೆ ಅಂಕ ಹಾಕುವ ಪದ್ಧತಿಯೂ ಇದೆ, ಅದಕ್ಕೆ ದುಡ್ಡೇ ಬೇಡ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ, ವಯಸ್ಕರಲ್ಲಿ ಮುಟ್ಟು ಏರುಪೇರಾಗಿ ಆಂಡ್ರೋಜೆನ್ ಲಕ್ಷಣವೂ ಇದ್ದರೆ, ಬೇರೆ ಕಾರಣ ಇಲ್ಲ ಅಂತ ಖಚಿತಪಡಿಸಿಕೊಂಡ ಮೇಲೆ, ಅಂಡಾಶಯದ ಸ್ಕ್ಯಾನ್ ಆಗಲಿ, ಅಂಡಾಶಯದ ಮೊಟ್ಟೆಕೋಶಗಳ ಅಂದಾಜು ಕೊಡುವ ಎಎಂಎಚ್ ರಕ್ತಪರೀಕ್ಷೆ ಆಗಲಿ ಬೇಕಾಗಿಲ್ಲ. ಅಂದರೆ ಪ್ಯಾಕೇಜ್‌ನಲ್ಲಿದ್ದ ದುಬಾರಿ ಎಎಂಎಚ್ ನನಗೆ ದಂಡ.

ಬಿಟ್ಟುಹೋದ ಟೆಸ್ಟ್‌ಗಳನ್ನು ಮತ್ತೆ ಮಾಡಿಸಿದ ಮೇಲೆ ಗೊತ್ತಾಯಿತು, ನನ್ನದು ಪಿಸಿಓಎಸ್ಸೇ, ಹಿಂದಿರುವುದು ಇನ್ಸುಲಿನ್. ಅದು ಜಾಸ್ತಿಯಾದಷ್ಟೂ ಅಂಡಾಶಯ ಟೆಸ್ಟೋಸ್ಟೆರಾನ್ ಜಾಸ್ತಿ ಮಾಡುತ್ತದೆ. ಸಣ್ಣಗಿರುವವರಲ್ಲೂ ಹೀಗಾಗಬಹುದು, ಆದ್ದರಿಂದ ‘ದಪ್ಪ ಇಲ್ವಲ್ಲ, ನಿಂಗೇನೂ ಇಲ್ಲ’ ಅನ್ನುವ ಆಂಟಿಗಳು ದಯವಿಟ್ಟು ಸುಮ್ಮನಿರಬೇಕು. ಕೂದಲಿಗಿಂತ ದೊಡ್ಡ ಚಿಂತೆ ಮುಂದಿನದು. ಸಕ್ಕರೆ ಕಾಯಿಲೆಯ ಅಪಾಯ ಜಾಸ್ತಿ, ಮುಟ್ಟು ತಿಂಗಳುಗಟ್ಟಲೆ ಬರದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಬಹುದು, ಬಸಿರಾಗುವುದು ಕಷ್ಟವಾಗಬಹುದು. ಪ್ಯಾಕೇಜ್ ರಿಪೋರ್ಟ್‌ನಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇದ್ದದ್ದು ಏನು ಗೊತ್ತಾ? ‘ಹಾರ್ಮೋನ್ ಬ್ಯಾಲೆನ್ಸ್ ಟೀ’ ಕೊಳ್ಳಲು ಲಿಂಕ್. ಪುದೀನ ಜಾತಿಯ ಸ್ಪಿಯರ್‌ಮಿಂಟ್ ಎಲೆಯದು. 2010ರಲ್ಲಿ ಪ್ರಕಟವಾದ, 42 ಹೆಂಗಸರ ಒಂದು ಸಣ್ಣ ಅಧ್ಯಯನದಲ್ಲಿ ತಿಂಗಳು ಕುಡಿದಾಗ ಟೆಸ್ಟೋಸ್ಟೆರಾನ್ ಇಳಿದಿತ್ತು, ಕೂದಲಿನ ಅಂಕ ಮಾತ್ರ ಇಳಿಯಲಿಲ್ಲ. ಕೂದಲು ನಿಧಾನಕ್ಕೆ ಬೆಳೆಯುವ ವಸ್ತು, ಸರಿಯಾದ ಔಷಧಿಗೇ ಆರು ತಿಂಗಳು ಬೇಕು. ರುಚಿಗೆ ಬೇಕಾದರೆ ಕುಡಿಯಿರಿ.

ಕೆಲವೇ ತಿಂಗಳಲ್ಲಿ ಕೂದಲು ದಿಢೀರ್ ಅಂತ ಹೆಚ್ಚಿ, ದನಿಯೂ ಗಡುಸಾದರೆ ಯಾವ ಪ್ಯಾಕೇಜೂ ಬೇಡ, ನೇರ ಡಾಕ್ಟರ್ ಹತ್ತಿರ ಹೋಗಿ. ಅಪರೂಪವಾದರೂ ಅಂಡಾಶಯದ ಅಥವಾ ಅಡ್ರಿನಲ್ ಗೆಡ್ಡೆ ಹೀಗೆ ಶುರುವಾಗಬಹುದು.

ಉಳಿದವರು ಚೀಟಿ ಬರೆಸಿಕೊಂಡು ಅದೇ ಲ್ಯಾಬ್‌ನಲ್ಲೇ ಟೆಸ್ಟ್‌ಗಳನ್ನು ಬಿಡಿಬಿಡಿಯಾಗಿ ಮಾಡಿಸಿ. ಎಸ್‌ಎಚ್‌ಬಿಜಿ, 17-ಓಎಚ್ ಪ್ರೊಜೆಸ್ಟರಾನ್ ಎರಡೂ ಅವರ ಪಟ್ಟಿಯಲ್ಲಿವೆ, ಮುಖಪುಟದಲ್ಲಿ ಕಾಣುವುದಿಲ್ಲ, ಸರ್ಚ್ ಮಾಡಬೇಕು. ಬೆಳಗಿನ ಸ್ಲಾಟ್ ಬೇಗ ಖಾಲಿಯಾಗುತ್ತದೆ, ಮೊದಲೇ ಹಿಡಿಯಿರಿ.