ಸ್ಲೈಡ್ ಶೀಟ್: ವಾರ್ಡಿನಲ್ಲಿ ಎರಡು ವರ್ಷ ಬಳಸಿದ ಮೇಲೆ

ನಾನು ಮೆಡಿಸಿನ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ನಮ್ಮಲ್ಲಿ ಸ್ಟ್ರೋಕ್ ಆಗಿ ಮಲಗಿದವರೇ ಜಾಸ್ತಿ. ಬೆಡ್‌ಸೋರ್ (ಮಲಗಿದಲ್ಲೇ ಇದ್ದು ಆಗುವ ಹುಣ್ಣು) ಆಗದಿರಲಿ ಅಂತ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಕಾಲಿನ ಕಡೆ ಜಾರಿದವರನ್ನು ಮೇಲಕ್ಕೆ ತರಬೇಕು. ನಮ್ಮ ಸೊಂಟ ಹೋಗುವುದು ಇಲ್ಲೇ. ಕೆಲಸಗಾರರ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್‌ನ (NIOSH) ಲೆಕ್ಕದಲ್ಲಿ, ರೋಗಿಯನ್ನು ಎತ್ತುವಾಗ ಒಬ್ಬರ ಮೇಲೆ ಸುಮಾರು 16 ಕೆ.ಜಿ.ಗಿಂತ ಹೆಚ್ಚು ಭಾರ ಬೀಳಬಾರದು. 70 ಕೆ.ಜಿ. ಮನುಷ್ಯನನ್ನು ಇಬ್ಬರೇ ಎತ್ತಿದರೆ ಎಷ್ಟಾಯಿತು ನೋಡಿ.

ಸ್ಲೈಡ್ ಶೀಟ್ ಅಂದರೆ ನುಣುಪಾದ ನೈಲಾನ್ ಬಟ್ಟೆ. ನಮ್ಮದು ಕೊಳವೆಯಂತೆ ಹೊಲಿದದ್ದು, ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ. ರೋಗಿಯನ್ನು ಮಗ್ಗುಲಿಗೆ ಹೊರಳಿಸಿ ಕೆಳಗೆ ತೂರಿಸಬೇಕು. ಆಮೇಲೆ ಎತ್ತುವ ಮಾತೇ ಇಲ್ಲ, ಜಾರಿಸುವುದಷ್ಟೇ. ಚರ್ಮಕ್ಕೂ ತಿಕ್ಕಾಟ ಕಡಿಮೆ.

ಆದರೆ ಬಟ್ಟೆಯೊಂದೇ ಸಾಲದು. ಮಂಚದ ಬ್ರೇಕ್ ಹಾಕಿ, ಎತ್ತರವನ್ನು ನಿಮ್ಮ ಸೊಂಟದ ಮಟ್ಟಕ್ಕೆ ತನ್ನಿ. ಇಬ್ಬರೂ ಎರಡು ಕಡೆ ನಿಂತು ಮೇಲಿನ ಪದರ ಹಿಡಿದು, ಮೊಣಕೈ ಮೈಗೆ ಒತ್ತಿಕೊಂಡು, ಒಂದು ಕಾಲಿನಿಂದ ಇನ್ನೊಂದಕ್ಕೆ ಮೈಭಾರ ಬದಲಿಸುತ್ತಾ ಎಳೆಯಿರಿ. ಬೆನ್ನು ಬಗ್ಗಿಸಿ ಎಳೆದರೆ ಸುಖವಿಲ್ಲ. ನಮ್ಮ ಹಳೇ ಮಂಚಗಳು ಏರಿಳಿಯುವುದಿಲ್ಲ. ಅಲ್ಲಿ ಈಗಲೂ ಬೆನ್ನು ಹಿಡಿಯುತ್ತದೆ.

ಕೆಲಸ ಮುಗಿದ ತಕ್ಷಣ ಶೀಟ್ ತೆಗೆಯಲೇಬೇಕು. ಬಿಟ್ಟರೆ ರೋಗಿ ಜಾರಿ ಬೀಳಬಹುದು. ನೆಲಕ್ಕೆ ಬಿದ್ದ ಶೀಟ್ ತುಳಿದರೆ ನಾವೂ ಅಷ್ಟೇ. ಒಬ್ಬ ರೋಗಿಯದನ್ನು ತೊಳೆಯದೆ ಇನ್ನೊಬ್ಬರಿಗೆ ಹಾಕಬೇಡಿ. ಲಾಂಡ್ರಿಯದೇ ದೊಡ್ಡ ತಲೆನೋವು: ಬೇರೆ ಬೆಡ್‌ಶೀಟ್ ಜೊತೆ ಹೋದದ್ದು ವಾಪಸ್ ಬರುವುದೇ ಇಲ್ಲ. ಲೇಬಲ್ ನೋಡದೆ ಬ್ಲೀಚ್ ಹಾಕಿ ತೊಳೆದವು ನುಣುಪು ಕಳೆದುಕೊಂಡವು.

ಸೊಂಟದ ಬೆಲ್ಟ್ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ನೋವಿದ್ದು ಡಾಕ್ಟರು ಹೇಳಿದ್ದರೆ ಹಾಕಿಕೊಳ್ಳಿ. ನೋವೇ ಬರದಂತೆ ಅದು ಕಾಯುತ್ತದೆ ಅನ್ನಲು ಆಧಾರವಿಲ್ಲ ಅಂತ ಅದೇ ನಿಯೋಶ್ 1994ರಲ್ಲೇ ಹೇಳಿದೆ. ಭಾರ ಇಳಿಸದೆ ಬೆಲ್ಟ್ ಕಟ್ಟಿದರೆ ಏನು ಬಂತು?

ಮಂಚದಿಂದ ಕುರ್ಚಿಗೆ ಕೂರಿಸಲು ಸ್ಲೈಡ್ ಶೀಟ್ ಆಗುವುದಿಲ್ಲ, ಅದಕ್ಕೆ ಬೇರೆ ಸಾಧನ ಬೇಕು. ಮಂಚದ ಮೇಲಿನ ಕೆಲಸಕ್ಕಾದರೆ ಸ್ಲೈಡ್ ಶೀಟ್ ಪ್ರತಿ ವಾರ್ಡಿನಲ್ಲೂ ಇರಲೇಬೇಕಾದದ್ದು. ನೈಟ್ ಡ್ಯೂಟಿ ಮುಗಿಸಿ ಮನೆಗೆ ಹೋಗಿ ಬಗ್ಗಿ ಮಗುವನ್ನು ಎತ್ತಿಕೊಳ್ಳಲು ನನಗೀಗ ಆಗುತ್ತಿದೆ. ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರು ಇದನ್ನು ಕೊಳ್ಳುವುದಾದರೆ, ಎಳೆಯಲು ಇನ್ನೊಬ್ಬರು ಸಿಗುತ್ತಾರಾ ಅಂತ ಮೊದಲು ನೋಡಿ.