ಬೇಸ್ ಬೇಕು ಅಂತ ತಂದೆ, ಭಾಗವತರ ಮಾತು ತಿಳಿಯಾಯಿತು: ಎರಡು ವರ್ಷದ ಬಳಕೆ

ಗಂಗಾವತಿ ಹತ್ತಿರದ ಹಳ್ಳಿಯಲ್ಲಿ ನಂದೊಂದು ಚಿಕ್ಕ ಸೌಂಡ್ ಸೆಟ್ ಇದೆ. 12 ಇಂಚಿನ ಎರಡು ಟಾಪ್ (ಮಾತು, ಹಾಡು ಕೇಳಿಸುವ ಮೇಲಿನ ಸ್ಪೀಕರ್), ಒಂದು ಮಿಕ್ಸರ್, ಒಂದು ಆಂಪ್ಲಿಫೈಯರ್, ಆರು ಮೈಕ್. ಎಲ್ಲ ಸೇರಿ ಒಂದು ಟಂಟಂನಲ್ಲಿ ಹಿಡಿಯುತ್ತಿತ್ತು. ಭಜನೆ, ಕುಬಸ, ಮದುವೆ, ಬೇಸಿಗೆ ಬಂತು ಅಂದರೆ ಬಯಲಾಟ. ಎರಡು ವರ್ಷದ ಹಿಂದೆ 18 ಇಂಚಿನ ಎರಡು ಬೇಸ್ ಸ್ಪೀಕರ್ ತಂದೆ. ಬಾಕ್ಸನ್ನು ನಮ್ಮ ಬಡಿಗೇರರ ಹತ್ತಿರ 18 ಎಂಎಂ ಪ್ಲೈವುಡ್‌ನಲ್ಲಿ ಮಾಡಿಸಿದೆ. ಮದ್ದಳೆ ಏಟು ಎದೆಗೆ ತಾಗಬೇಕು ಅನ್ನೋದಷ್ಟೇ ನನ್ನ ಆಸೆ.

ಮೊದಲ ಎರಡು ತಿಂಗಳು ಬರೀ ಸಿಟ್ಟು. "ಹಳೇ ಆಂಪ್ಲಿಫೈಯರೇ ಸಾಕ್ರಿ, ಟಾಪ್ ಜೊತೆ ಪ್ಯಾರಲಲ್ ಹಾಕ್ರಿ" ಅಂತ ಅಂಗಡಿಯವರು ಹೇಳಿದರು. ನಂಬಿದೆ. 8 ಓಮ್ ಟಾಪ್, 8 ಓಮ್ ಬೇಸ್ ಸೇರಿ 4 ಓಮ್ ಆಯಿತು (ಓಮ್ ಇಳಿದಷ್ಟೂ ಆಂಪ್ಲಿಫೈಯರ್ ಮೇಲೆ ಭಾರ ಜಾಸ್ತಿ). ಲೆಕ್ಕದ ಪ್ರಕಾರ ಆಂಪ್ಲಿಫೈಯರ್ ತಡೆಯಬೇಕು, ತಡೆಯಿತು ಕೂಡ. ಆದರೆ ಬೇಸ್ ಕೇಳಲಿ ಅಂತ ವಾಲ್ಯೂಮ್ ಏರಿಸಿದಾಗೆಲ್ಲ, ಶಕ್ತಿ ಮೀರಿತು ಅಂತ ಹೇಳುವ ಕ್ಲಿಪ್ ಲೈಟ್ ಕೆಂಪಗೆ ನಿಂತೇ ಬಿಡುತ್ತಿತ್ತು. ಮೂರನೇ ಕಾರ್ಯಕ್ರಮದಲ್ಲಿ ಒಂದು ಟಾಪಿನ ಹಾರ್ನ್ (ಚೂಪು ಸದ್ದು ಕೇಳಿಸುವ ಭಾಗ) ಸುಮ್ಮನಾಯಿತು. ಬಿಚ್ಚಿ ನೋಡಿದರೆ ಡಯಾಫ್ರಾಮ್ ಕಾಯಿಲ್ ಕರಕಲು. ಶಕ್ತಿ ಸಾಲದ ಆಂಪ್ಲಿಫೈಯರ್ ಅಲೆಯ ತುದಿಯನ್ನು ಕತ್ತರಿಸಿ ಕಳಿಸುತ್ತೆ. ಆ ಕತ್ತರಿಸಿದ ಅಲೆಯಲ್ಲಿ ಹೊಸದಾಗಿ ಹುಟ್ಟುವ ಚೂಪು ಸದ್ದೆಲ್ಲ ಹೋಗಿ ಬೀಳೋದು ಪಾಪದ ಹಾರ್ನ್ ಮೇಲೆ. ಬೇಸ್ ಆಸೆಗೆ ಹಾರ್ನ್ ಸುಟ್ಟಿತು. ಇದನ್ನು ಮೊದಲೇ ಯಾರಾದರೂ ಹೇಳಬಾರದಿತ್ತಾ ಅನ್ನಿಸಿತು. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಆಮೇಲೆ ಬೇಸ್‌ಗೇ ಅಂತ ಬೇರೆ ಆಂಪ್ಲಿಫೈಯರ್, ಜೊತೆಗೆ ಒಂದು ಕ್ರಾಸ್ಓವರ್ (ದಪ್ಪ ಸದ್ದನ್ನು ಬೇಸ್‌ಗೆ, ಉಳಿದದ್ದನ್ನು ಟಾಪ್‌ಗೆ ಬೇರೆ ಮಾಡಿ ಕಳಿಸುವ ಯಂತ್ರ) ತಂದೆ. ನನ್ನ ಸ್ಪೀಕರ್ 500 ವ್ಯಾಟ್ ಆರ್‌ಎಂಎಸ್ (ಬಿಡದೆ ತಡೆಯುವ ಶಕ್ತಿ), 8 ಓಮ್. ಆಂಪ್ಲಿಫೈಯರ್ 8 ಓಮ್‌ಗೆ ಪ್ರತಿ ಚಾನೆಲ್‌ನಲ್ಲಿ 800 ವ್ಯಾಟ್ ಕೊಡುತ್ತೆ. ಆಂಪ್ಲಿಫೈಯರ್ ಶಕ್ತಿ ಸ್ಪೀಕರಿನ ಆರ್‌ಎಂಎಸ್‌ನ ಒಂದೂವರೆ ಪಟ್ಟಿನಷ್ಟು ಇದ್ದರೆ ಏಟು ಬಿದ್ದಾಗ ಉಸಿರು ಕಟ್ಟಲ್ಲ. ಕೆಂಪು ಲೈಟ್ ಹತ್ತದ ಹಾಗೆ ನೋಡಿಕೊಳ್ಳೋದು ಮಾತ್ರ ನಮ್ಮ ಕೈಯಲ್ಲೇ ಇದೆ. ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದ 2000 ವ್ಯಾಟ್ ನೋಡಬೇಡಿ, ಅದು ಪೀಕ್, ಅಂದರೆ ಒಂದು ಕ್ಷಣದ ಲೆಕ್ಕ. ಗೆಳೆಯನೊಬ್ಬ ಬ್ರಿಡ್ಜ್ ಮಾಡಿ, ಅಂದರೆ ಆಂಪ್ಲಿಫೈಯರಿನ ಎರಡೂ ಚಾನೆಲ್ ಒಂದಾಗಿ ಸೇರಿಸಿ, ಎರಡೂ ಬಾಕ್ಸ್ ಅದಕ್ಕೇ ಹಾಕು ಅಂದ. ಬೇಡ ಅಂದೆ. ಬ್ರಿಡ್ಜ್‌ನಲ್ಲಿ 4 ಓಮ್ ಹಾಕಿದರೆ ಒಳಗೆ ಪ್ರತಿ ಚಾನೆಲ್‌ಗೆ 2 ಓಮ್ ಹಾಕಿದ ಹಾಗೇ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ತಡೆಯೋ ಮಾತಲ್ಲ.

ಕ್ರಾಸ್ಓವರ್ 100 ಹರ್ಟ್ಜ್‌ಗೆ ಇಟ್ಟು ಹೊಸ ಆಂಪ್ಲಿಫೈಯರ್ ಹಾಕಿದ ಮೊದಲ ರಾತ್ರಿ ಬಯಲಾಟ ಇತ್ತು. ಅವತ್ತು ಕೇಳಿದ್ದು ನಾನು ದುಡ್ಡು ಕೊಟ್ಟು ತಂದ ಸದ್ದೇ ಅಲ್ಲ. ಮದ್ದಳೆ ಚೆನ್ನಾಗಿ ಬಂತು, ನಿಜ. ಆದರೆ ಭಾಗವತರ ಪದ ಅಷ್ಟು ತಿಳಿಯಾಗಿ ಆ ಟಾಪ್‌ಗಳಿಂದ ಯಾವತ್ತೂ ಬಂದಿರಲಿಲ್ಲ. ಟಾಪ್ ಅದೇ, ಮೈಕ್ ಅದೇ. ಮೊದಲು ಒಂದೇ 12 ಇಂಚಿನ ಕೋನ್ ಮದ್ದಳೆಗೂ ಕುಣಿಯಬೇಕಿತ್ತು, ಪದವನ್ನೂ ಹೇಳಬೇಕಿತ್ತು. ಪ್ರತಿ ಏಟಿಗೂ ಮಾತು ನಡುಗುತ್ತಿತ್ತು. ಈಗ ಭಾರ ಎಲ್ಲ ಕೆಳಗಿನ ಬಾಕ್ಸಿಗೆ ಹೋಯಿತು, ಟಾಪ್ ಹಗುರಾಯಿತು. ಬೆಳಗಿನ ಜಾವ ಗಂಟು ಮೂಟೆ ಕಟ್ಟುವಾಗ ಒಬ್ಬ ಅಜ್ಜ ಬಂದು, "ತಮ್ಮಾ, ಈ ಸಲ ಕಡೀ ಸಾಲಿಗೂ ಮಾತು ತಿಳೀತು ನೋಡಪಾ" ಅಂದರು. ಎರಡು ತಿಂಗಳ ಸಿಟ್ಟು ಅಲ್ಲಿಗೇ ಇಳಿಯಿತು.

ಒಂದು ತೊಂದರೆ ಮಾತ್ರ ಉಳಿದಿತ್ತು. ಆಟದ ಅಟ್ಟದ (ರಂಗದ) ಮೇಲೆ ವೇಷದವರು ಕುಣಿದರೆ ಹಲಗೆ ಅದುರುತ್ತೆ, ಸ್ಟ್ಯಾಂಡ್ ಹಿಡಿದು ಅದುರು ಮೈಕಿಗೆ ಏರುತ್ತೆ, ಬೇಸ್ ಅದನ್ನು ಗುಡುಗು ಮಾಡುತ್ತೆ. ಈಗ ಮಿಕ್ಸರಿನ ಆಕ್ಸ್‌ನಿಂದ (ಬೇಕಾದ ಮೈಕ್ ಮಾತ್ರ ಕಳಿಸಬಹುದಾದ ಬೇರೆ ಔಟ್‌ನಿಂದ) ಬೇಸ್‌ಗೆ ಲೈನ್ ಕೊಟ್ಟಿದ್ದೇನೆ. ಆ ಆಕ್ಸ್‌ಗೆ ಮದ್ದಳೆ ಮೈಕ್ ಒಂದನ್ನೇ ಬಿಡುತ್ತೇನೆ. ಮಾತಿನ ಮೈಕ್‌ಗಳಿಗೆಲ್ಲ ದಪ್ಪ ಸದ್ದು ಕತ್ತರಿಸುವ ಲೋ ಕಟ್ ಬಟನ್ ಒತ್ತಿರುತ್ತೆ. ಗುಡುಗು ನಿಂತಿತು. ಬಾಕ್ಸ್‌ಗಳನ್ನು ಆ ಕಡೆ ಒಂದು ಈ ಕಡೆ ಒಂದು ಇಡೋದನ್ನೂ ಬಿಟ್ಟೆ. ಹಾಗಿಟ್ಟಾಗ ನಡುವೆ ಕೂತವರಿಗೆ ಬೇಸ್ ಜಾಸ್ತಿ, ಸ್ವಲ್ಪ ಪಕ್ಕಕ್ಕೆ ಸರಿದರೆ ಏನೂ ಇಲ್ಲ. ಈಗ ಎರಡೂ ಅಂಟಿಕೊಂಡು ಅಟ್ಟದ ಮುಂದೆ ನೆಲದ ಮೇಲೆ.

ಪ್ರತಿ ಸಂಜೆ ನಾನು ತಪ್ಪದೆ ಮಾಡುವ ಕೆಲಸ ಒಂದಿದೆ. ಆಂಪ್ಲಿಫೈಯರ್‌ಗೆ ಸಿಕ್ಕಿಸುವ ಮೊದಲು, ಬೇಸ್ ವೈರಿನ ತುದಿಗೆ ಬ್ಯಾಟರಿಯ ಸೆಲ್ ಒಂದನ್ನು ಕ್ಷಣ ಮುಟ್ಟಿಸುತ್ತೇನೆ. ಪ್ಲಸ್‌ಗೆ ಪ್ಲಸ್ ತಾಗಿದರೆ ಕೋನ್ "ಟಪ್" ಅಂತ ಮುಂದೆ ಬರಬೇಕು. ಎರಡೂ ಮುಂದೆ ಬಂದರೆ ಸರಿ. ಒಂದು ಹಿಂದೆ ಹೋದರೆ ಎಲ್ಲೋ ವೈರ್ ತಿರುಗಿದೆ, ಬೇಸ್ ಒಂದನ್ನೊಂದು ನುಂಗುತ್ತೆ. ಆ ಟಪ್ ಸದ್ದು ಕೇಳದೆ ನನಗೆ ಚಹಾ ಕುಡಿಯಲೂ ಮನಸ್ಸಾಗಲ್ಲ. ಆಮೇಲೆ ಮಿಕ್ಸರ್, ಕ್ರಾಸ್ಓವರ್ ಆನ್, ಕೊನೆಗೆ ಆಂಪ್ಲಿಫೈಯರ್. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು. ವಾಪಸ್ ಹೊರಡುವಾಗ ಬಾಕ್ಸ್‌ಗಳಿಗೆ ಅವ್ವ ಹೊಲಿದ ಕೌದಿ ಹೊದಿಸುತ್ತೇನೆ. ಎರಡು ವರ್ಷದಲ್ಲಿ ಬಾಕ್ಸ್‌ಗಳ ಮೇಲೆ ಒಂದು ಗೀರೂ ಬಿದ್ದಿಲ್ಲ. ರೈಸ್ ಮಿಲ್‌ಗಳ ಕಡೆ ಹೋಗಿ ಬಂದರೆ ಫ್ಯಾನಿನ ಜಾಳಿಗೆಯಲ್ಲಿ ಹೊಟ್ಟಿನ ದೂಳು ತುಂಬಿರುತ್ತೆ, ಬ್ರಶ್ ಹಾಕಲೇಬೇಕು.

ಸ್ಪೀಕರ್, ಬಾಕ್ಸ್, ಆಂಪ್ಲಿಫೈಯರ್, ಕ್ರಾಸ್ಓವರ್ ಎಲ್ಲ ಸೇರಿ ನನಗೆ 60 ಸಾವಿರದ ಹತ್ತಿರ ಬಿತ್ತು. ಬರೀ ಭಾಷಣ, ಕುಬಸ ಮಾಡುವವರಿಗೆ ಇಷ್ಟು ಬೇಕಿಲ್ಲ. ಮದ್ದಳೆ, ಡೋಲು ಇರುವ ಕಡೆ ಹೋಗುವವರು ತಗೊಳ್ಳಿ. ಆದರೆ ದುಡ್ಡು ಕಮ್ಮಿ ಇದ್ದರೆ ಒಂದೇ ಬೇಸ್ ಬಾಕ್ಸ್ ತಗೊಂಡು, ಉಳಿದಿದ್ದನ್ನು ಸರಿಯಾದ ಆಂಪ್ಲಿಫೈಯರ್‌ಗೆ, ಕ್ರಾಸ್ಓವರ್‌ಗೆ ಹಾಕಿ.

ಭಾರ ಮಾತ್ರ ಭಾರವೇ. ಬಾಕ್ಸ್ ಎತ್ತಲು ಇಬ್ಬರು ಬೇಕು, ಹೊಲದ ಮಣ್ಣಲ್ಲಿ ಗಾಲಿ ಉರುಳಲ್ಲ. ಟಂಟಂ ಈಗ ಎರಡು ಸುತ್ತು ಹೊಡೆಯುತ್ತೆ. ಕಬ್ಬಿಣದ ಹಿಡಿಕೆ ಕೈ ಕೊಯ್ಯುತ್ತೆ, ಈ ಯುಗಾದಿಯೊಳಗೆ ರಬ್ಬರಿನದು ಹಾಕಿಸಬೇಕು.