ತಲೆಸುತ್ತಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತಿದ್ದೀರಾ? ಒಮ್ಮೆ ಇದನ್ನು ಓದಿ

ಹೋದ ವಾರ ನಮ್ಮ ತೋಟದ ಕೆಲಸಗಾರರ ಲೈನ್ ಮನೆಯ ಹೆಂಗಸೊಬ್ಬಳು ಕಾಫಿ ಕೊಯ್ಯುತ್ತಿದ್ದವಳು ಗಿಡ ಹಿಡಿದುಕೊಂಡು ಕುಳಿತುಬಿಟ್ಟಳು. "ತಲೆಸುತ್ತು ಅಕ್ಕ, ಮಾತ್ರೆ ಇದೆ" ಅಂತ ಒಂದು ಪಟ್ಟಿ ತೆಗೆದಳು. ನೋಡಿದರೆ ಪ್ರೋಕ್ಲೋರ್‌ಪೆರಜಿನ್. ನಾನು 14 ತಿಂಗಳು ನುಂಗಿದ ಮಾತ್ರೆ. ಎಷ್ಟು ದಿನದಿಂದ ಅಂತ ಕೇಳಿದೆ. "ಮಳೆಗಾಲದಿಂದ" ಅಂದಳು. ಆ ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೋಮವಾರಪೇಟೆ ಕಡೆಯವಳು. ನನಗೆ ಶುರುವಾಗಿದ್ದು ಒಂದು ಬೆಳಗಿನ ಜಾವ. ಹಾಸಿಗೆಯಲ್ಲಿ ಬಲಕ್ಕೆ ಮಗ್ಗುಲಾದೆ, ಮಾಡಿನ ಹಂಚೆಲ್ಲ ಗಿರಗಿರನೆ ತಿರುಗಿತು. ಒಂದು ನಿಮಿಷವೂ ಇರಲಿಲ್ಲ, ಆದರೆ ವಾಂತಿಯಾಗಿ ಗೋಡೆ ಹಿಡಿದು ಏಳಬೇಕಾಯಿತು. ಆಮೇಲೆ ದಿನವಿಡೀ ಉತ್ತ ಗದ್ದೆಯಲ್ಲಿ ಕಾಲಿಟ್ಟ ಹಾಗೆ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ನೋಡಲು ಕತ್ತೆತ್ತಿದರೂ ಅದೇ ತಿರುಗು.

ಮೊದಲು ಹೋದಲ್ಲಿ ಬಿಪಿ ಕಮ್ಮಿ ಅಂತ ಡ್ರಿಪ್ ಹಾಕಿದರು. ಎರಡನೆಯವರು ಕುತ್ತಿಗೆಯ ಎಕ್ಸ್‌ರೇ ತೆಗೆಸಿ, ಮೂಳೆ ಸವೆದಿದೆ, ತಲೆಸುತ್ತು ಅದರಿಂದಲೇ ಅಂತ ಕಾಲರ್ ಕೊಟ್ಟರು. 48ರ ವಯಸ್ಸಿನಲ್ಲಿ ಅಷ್ಟು ಸವೆತ ಎಷ್ಟೋ ಜನರಲ್ಲಿ ಕಾಣುತ್ತದೆ ಅಂತ ಆಗ ಗೊತ್ತಿರಲಿಲ್ಲ. ಮೂರನೆಯವರು ಎಂಆರ್‌ಐ ನೋಡಿ "ಏನೂ ಇಲ್ಲ, ಟೆನ್ಷನ್ ಬಿಡಿ" ಅಂದರು. ನಮ್ಮ ಅತ್ತೆ ಪಿತ್ತ ಅಂತ ಕಷಾಯ ಕೊಟ್ಟರು, ಪ್ರೀತಿಯಿಂದಲೇ. ಈ ಪ್ರೋಕ್ಲೋರ್‌ಪೆರಜಿನ್ ಮಾತ್ರೆ ಬರೆದದ್ದು ಐದು ದಿನಕ್ಕೆ ಮಾತ್ರ. ಮುಗಿದ ಮೇಲೆ ಹಳೇ ಚೀಟಿ ತೋರಿಸಿದರೆ ಮೆಡಿಕಲ್‌ನಲ್ಲಿ ಕೊಡುತ್ತಿದ್ದರು, ಆಮೇಲಾಮೇಲೆ ಚೀಟಿಯನ್ನೂ ಕೇಳಲಿಲ್ಲ.

ವರ್ಷ ಕಳೆಯುವಷ್ಟರಲ್ಲಿ ಕೈ ನಡುಗತೊಡಗಿತು. ಲೋಟ ಎತ್ತಿದರೆ ಕಾಫಿ ತುಳುಕುತ್ತಿತ್ತು, ಹೆಜ್ಜೆ ಚಿಕ್ಕದಾಯಿತು, ಮುಖದಲ್ಲಿ ನಗುವೇ ಇಲ್ಲ ಅಂತ ಮಗಳು ಅತ್ತಳು. ಒಂದು ಸಂಜೆ ಕಣದಲ್ಲಿ ಕಾಫಿ ರಾಶಿ ಮಾಡುವಾಗ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಕೈಕಾಲು ನಡುಗಿ ಬಿಗಿಯಾಗುವ ಪಾರ್ಕಿನ್ಸನ್ ಕಾಯಿಲೆ ಇರಬಹುದೇನೋ ಅಂತ ಮನೆಯಲ್ಲಿ ಎಲ್ಲರಿಗೂ ಭಯ. ಈ ಮಾತ್ರೆಯನ್ನು ದೀರ್ಘಕಾಲ ತೆಗೆದುಕೊಂಡರೆ ಅಂಥದ್ದೇ ಲಕ್ಷಣಗಳು ಬರಬಹುದು, ತಲೆಸುತ್ತಿಗೇ ಕೊಡುವ ಇನ್ನೊಂದು ಮಾತ್ರೆ ಸಿನ್ನರಿಜಿನ್‌ನಿಂದಲೂ ಬರಬಹುದು. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಕೊನೆಗೆ ಮೈಸೂರಿಗೆ ಹೋದೆವು. ಅಲ್ಲಿನ ಕಿವಿ ಮೂಗು ಗಂಟಲು ವೈದ್ಯೆ ಮೊದಲು ಕೇಳಿದ್ದು, "ತಲೆಸುತ್ತು ಅಂದರೆ ಏನಾಗುತ್ತೆ ಅಮ್ಮ?" ಅಂತ. ಅಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆ. ಸುತ್ತಲಿನದು ತಿರುಗಿದರೂ ತಲೆಸುತ್ತು, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೂ ತಲೆಸುತ್ತು, ನಡೆಯುವಾಗ ತೂರಾಡಿದರೂ ನಾವು ಅದನ್ನೇ ಅನ್ನುತ್ತೇವೆ. ಮೂರಕ್ಕೂ ಕಾರಣ ಬೇರೆ, ಮದ್ದು ಬೇರೆ. ವೈದ್ಯರ ಹತ್ತಿರ ಆ ಒಂದೇ ಪದ ಹೇಳಿ ಸುಮ್ಮನಾಗಬೇಡಿ. ಯಾವಾಗ, ಎಷ್ಟು ಸೆಕೆಂಡು, ಯಾವ ಮಗ್ಗುಲಿಗೆ, ಕಿವಿಯಲ್ಲಿ ಸದ್ದು ಇದೆಯೋ ಅನ್ನುವುದನ್ನೆಲ್ಲ ಬರೆದುಕೊಂಡು ಹೋಗಿ.

ಅವರು ನನ್ನ ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ ಥಟ್ಟನೆ ಹಿಂದಕ್ಕೆ ಮಲಗಿಸಿದರು. ಕೋಣೆ ತಿರುಗಿತು. ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. ಕಣ್ಣಗುಡ್ಡೆ ಹೊಯ್ದಾಡುತ್ತಿತ್ತಂತೆ. ಒಳಗಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳಿವೆ. ಅವು ಜಾಗ ತಪ್ಪಿ ಅರ್ಧವೃತ್ತಾಕಾರದ ನಾಳಕ್ಕೆ ಬಿದ್ದರೆ ತಲೆ ಅಲ್ಲಾಡಿದಾಗಲೆಲ್ಲ ಮಿದುಳಿಗೆ ಸುಳ್ಳು ಸುದ್ದಿ ಹೋಗುತ್ತದೆ. ಬಿಪಿಪಿವಿ ಅನ್ನುತ್ತಾರೆ. ಯಾವ ಮಾತ್ರೆಯೂ ಆ ಹರಳನ್ನು ವಾಪಸ್ ಕಳಿಸುವುದಿಲ್ಲ. ತಲೆಯನ್ನು ಒಂದೊಂದು ಭಂಗಿಯಲ್ಲಿ ಸ್ವಲ್ಪ ಹೊತ್ತು ಹಿಡಿದು ತಿರುಗಿಸುವ ಎಪ್ಲೆ ವಿಧಾನದಿಂದ ಕಳಿಸುತ್ತಾರೆ. ಎರಡು ಸಲ ಮಾಡಿದರು, ಸುತ್ತು ನಿಂತಿತು. ಮೊದಲು ತಲೆ ತಿರುಗಿಸಿ ಮಲಗಿಸಿ ಕಣ್ಣು ನೋಡಿದ ಆ ಪರೀಕ್ಷೆಯ ಹೆಸರು ಡಿಕ್ಸ್-ಹಾಲ್‌ಪೈಕ್, 1952ರಲ್ಲೇ ವಿವರಿಸಿದ್ದು. ಅದಕ್ಕೆ ಬೇಕಿರುವುದು ಒಂದು ಮಂಚ ಮತ್ತು ಗೊತ್ತಿರುವ ಕೈ. ಅದನ್ನು ಮಾಡದೆ ನನ್ನಿಂದ ಎಂಆರ್‌ಐ ಮಾಡಿಸಿದರಲ್ಲ ಅನ್ನುವ ಸಿಟ್ಟು ಇನ್ನೂ ಹೋಗಿಲ್ಲ.

ಮಾತ್ರೆಯನ್ನು ವೈದ್ಯರು ಹೇಳಿದ ಹಾಗೆ ನಿಧಾನವಾಗಿ ಬಿಟ್ಟೆ. ನೀವೂ ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ. ಕೈನಡುಕ ಹೋಗಲು ತಿಂಗಳುಗಳೇ ಬೇಕಾದವು. ತೂರಾಟಕ್ಕೆ ವ್ಯಾಯಾಮ ಕೊಟ್ಟಿದ್ದಾರೆ. ಸಮತೋಲವನ್ನು ಮಿದುಳು ಮತ್ತೆ ಕಲಿಯಬೇಕು, ಆ ಮಾತ್ರೆ ಅದನ್ನು ಮಂಕು ಮಾಡಿಟ್ಟಿತ್ತು. ವಿಡಿಯೊ ನೋಡಿ ಮನೆಯಲ್ಲೇ ಕುತ್ತಿಗೆ ತಿರುಗಿಸಲು ಹೋಗಬೇಡಿ, ಯಾವ ಕಿವಿ, ಯಾವ ನಾಳ ಅಂತ ಮೊದಲು ತಿಳಿಯಬೇಕು.

ಎಲ್ಲರದೂ ನನ್ನ ಹಾಗೆ ಹರಳಿನದ್ದಲ್ಲ. ಮೈಗ್ರೇನ್ ಇರಬಹುದು, ಮೆನಿಯೇರ್ ಅನ್ನುವ ಒಳಗಿವಿಯ ಕಾಯಿಲೆ ಇರಬಹುದು. ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಬಾಯಿ ಸೊಟ್ಟಗಾದರೆ, ಒಂದು ಕೈಕಾಲು ಸೋತರೆ, ನಿಲ್ಲಲೇ ಆಗದಿದ್ದರೆ ಅದು ಪಾರ್ಶ್ವವಾಯು ಆಗಿರಬಹುದು. ಘಾಟಿ ಇಳಿಯಲು ಹೊತ್ತು ಬೇಕು, ಬೆಳಗಾಗಲಿ ಅನ್ನದೆ ತಕ್ಷಣ 108ಕ್ಕೆ ಕರೆ ಮಾಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೂ ತಡಮಾಡಬೇಡಿ.

ಆ ಹೆಂಗಸನ್ನು ಗುರುವಾರ ಮೈಸೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅಲ್ಲಿಯವರೆಗೆ ಏಣಿ ಹತ್ತಬೇಡ ಅಂದಿದ್ದೇನೆ. ವೈದ್ಯೆಗೆ ತೋರಿಸಲು, ಸುತ್ತು ಬಂದಾಗ ಅವಳ ಕಣ್ಣನ್ನು ಮೊಬೈಲಿನಲ್ಲಿ ವಿಡಿಯೊ ತೆಗೆಯಲು ಅವಳ ಮಗನಿಗೆ ಹೇಳಿಕೊಟ್ಟಿದ್ದೇನೆ.